ಓದುಗರ ಪ್ರಶ್ನೋತ್ತರ: ಗುಂಡು ನಿಂತ ಮೇಲೆ ಏನು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಕುರಿತವು. ಕೆಲವು ಪತ್ರಗಳಲ್ಲಿ ಪ್ರಶ್ನೆಗಿಂತ ಸಿಟ್ಟೇ ಮುಂದಾಗಿತ್ತು, ಮತ್ತು ಆ ಸಿಟ್ಟು ಎರಡೂ ಕಡೆಯದಾಗಿತ್ತು. ಒಂದೇ ಅರ್ಥ ಬರುವ ಪತ್ರಗಳನ್ನು ಕೂಡಿಸಿ ಏಳು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಗಾಜಾದಲ್ಲಿ ಕದನ ವಿರಾಮ ಎಂದು ಓದುತ್ತೇವೆ, ಸ್ವಲ್ಪ ದಿನಕ್ಕೆ ಮತ್ತೆ ದಾಳಿ, ಮತ್ತೆ ಸಾವು. ಹಾಗಾದರೆ ಕದನ ವಿರಾಮ ಎಂಬ ಮಾತಿಗೆ ಅರ್ಥವಾದರೂ ಏನು? (ನಿವೃತ್ತ ಕನ್ನಡ ಶಿಕ್ಷಕರು)

ಉತ್ತರ: ಅಲ್ಪವಿರಾಮವೂ ವಿರಾಮವೇ, ಪೂರ್ಣವಿರಾಮವೂ ವಿರಾಮವೇ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ನಾವು ಪತ್ರಿಕೆಯವರು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಬರೆದುಬಿಡುತ್ತೇವೆ. ಗುಂಡು ಹಾರಿಸುವುದನ್ನು ನಿಲ್ಲಿಸುವುದು ಕದನ ವಿರಾಮ. ಯಾರ ಸೇನೆ ಎಲ್ಲಿ ನಿಲ್ಲಬೇಕು, ಮೀರಿದರೆ ದೂರನ್ನು ಯಾರು ಆಲಿಸಬೇಕು ಎಂಬುದನ್ನು ಬರಹದಲ್ಲಿ ಗೊತ್ತುಮಾಡುವುದು ಯುದ್ಧಸ್ತಂಭನ ಒಪ್ಪಂದ. ಯುದ್ಧ ಹುಟ್ಟಿದ್ದೇ ಯಾವ ಜಗಳದಿಂದಲೋ ಆ ಜಗಳವನ್ನು ಇತ್ಯರ್ಥ ಮಾಡುವುದು ಶಾಂತಿ ಒಪ್ಪಂದ. ಅರಬ್ಬಿಯಲ್ಲಿಯೂ ಈ ಬಗೆಯ ಭೇದವಿದೆ: ಕೆಲ ಕಾಲ ಸುಮ್ಮನಿರುವುದು ‘ತಹ್ದಿಯಾ’, ಗಡುವು ಹಾಕಿಕೊಂಡು ಯುದ್ಧ ನಿಲ್ಲಿಸುವುದು ‘ಹುದ್ನಾ’, ಶಾಂತಿಗೆ ‘ಸಲಾಮ್’ ಎಂಬ ಬೇರೆಯೇ ಮಾತು.

2023ರ ಅಕ್ಟೋಬರ್‌ನಲ್ಲಿ, ಗಾಜಾವನ್ನು ಆಳುತ್ತಿದ್ದ ಹಮಾಸ್ ಎಂಬ ಸಶಸ್ತ್ರ ಸಂಘಟನೆ ಇಸ್ರೇಲಿನ ಮೇಲೆ ದಾಳಿ ಮಾಡಿ ಜನರನ್ನು ಒತ್ತೆಯಾಳುಗಳಾಗಿ ಹೊತ್ತೊಯ್ದಿತು, ಯುದ್ಧ ಹೊತ್ತಿಕೊಂಡಿತು. ಅನಂತರ ಗಾಜಾ ಕಂಡ ವಿರಾಮಗಳನ್ನು ಈ ಅಳತೆಯಿಂದ ನೋಡಬೇಕು. 2023ರ ನವೆಂಬರ್ 24ರಂದು ಆರಂಭವಾದದ್ದು ಒಂದು ವಾರ ಬಾಳಿತು. ಆ ಒಂದು ವಾರದಲ್ಲಿ 105 ಒತ್ತೆಯಾಳುಗಳೂ 240 ಪ್ಯಾಲೆಸ್ಟೀನಿ ಕೈದಿಗಳೂ ಬಿಡುಗಡೆಯಾದರು. 2025ರ ಜನವರಿ 19ರದ್ದು ಮೂರು ಹಂತಗಳ ಒಪ್ಪಂದ. 42 ದಿನಗಳ ಮೊದಲ ಹಂತದ 16ನೇ ದಿನ ಎರಡನೆಯ ಹಂತದ ಮಾತುಕತೆ ಆರಂಭವಾಗಬೇಕೆಂದು ಅದರಲ್ಲೇ ಬರೆದಿತ್ತು. ಹದಿನಾರನೆಯ ದಿನ ಬಂತು, ಹೋಯಿತು. ಹೆಸರಿಗೆ ತಕ್ಕ ಮಾತುಕತೆ ನಡೆಯಲೇ ಇಲ್ಲ. ಮಾರ್ಚ್ 18ರ ನಸುಕಿನಲ್ಲಿ ಇಸ್ರೇಲಿನ ವಿಮಾನಗಳು ಮತ್ತೆ ದಾಳಿಗಿಳಿದವು. ಆ ಒಂದೇ ದಿನ 400ಕ್ಕೂ ಹೆಚ್ಚು ಜನ ಸತ್ತರೆಂದು ಗಾಜಾದ ಆರೋಗ್ಯ ಸಚಿವಾಲಯ ಹೇಳಿತು. ಮೂರನೆಯದು ಅಮೆರಿಕದ ಇಪ್ಪತ್ತು ಅಂಶಗಳ ಯೋಜನೆಯಂತೆ 2025ರ ಅಕ್ಟೋಬರ್ 10ರಂದು ಜಾರಿಗೆ ಬಂತು. ಜೀವಂತ ಉಳಿದಿದ್ದ 20 ಒತ್ತೆಯಾಳುಗಳು ಅಕ್ಟೋಬರ್ 13ರಂದು ಮನೆ ಸೇರಿದರು, ಸುಮಾರು 2,000 ಪ್ಯಾಲೆಸ್ಟೀನಿಯರು ಸೆರೆಯಿಂದ ಹೊರಬಂದರು. ಆದರೂ ಅನಂತರದ ವಾರಗಳಲ್ಲಿ ಗಾಜಾದಲ್ಲಿ ನೂರಾರು ಜನ ಸತ್ತರು.

ಇಸ್ರೇಲ್ ಸೇನೆ ಹಿಂದೆ ಸರಿದು ನಿಂತ ಗಡಿಗೆ ‘ಹಳದಿ ರೇಖೆ’ ಎಂದು ಹೆಸರು. ಗಾಜಾದ ಅರ್ಧಕ್ಕಿಂತ ಹೆಚ್ಚು ನೆಲ ಆ ರೇಖೆಯ ಆಚೆ, ಸೇನೆಯ ಕೈಯಲ್ಲೇ ಉಳಿಯಿತು. ಹಳದಿ ಬಣ್ಣ ಬಳಿದ ಕಾಂಕ್ರೀಟ್ ದಿಮ್ಮಿಗಳನ್ನು ಸಾಲಾಗಿ ನಿಲ್ಲಿಸಿ ಅದನ್ನು ಗುರುತಿಸಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಇನ್ನೊಂದು ಬಣ್ಣದ ಗೆರೆ. ಇಸ್ರೇಲ್ ಹುಟ್ಟಿದಾಗ ಅರಬ್ ದೇಶಗಳೊಡನೆ ನಡೆದ ಯುದ್ಧದ ನಡುವೆ, 1948ರ ನವೆಂಬರ್ ಕೊನೆಯಲ್ಲಿ, ಜೆರುಸಲೇಮಿನಲ್ಲಿ ಜನ ಬಿಟ್ಟುಹೋಗಿದ್ದ ಒಂದು ಮನೆಯೊಳಗೆ, ಇಸ್ರೇಲಿನ ಮೋಶೆ ದಯಾನ್ ಮತ್ತು ಜೋರ್ಡಾನ್ ಸೇನೆಯ ಅಬ್ದುಲ್ಲಾ ಅಲ್ ತಲ್ ಒಂದು ನಕ್ಷೆಯನ್ನು ಹರಡಿಕೊಂಡು ಕುಳಿತರು. ತಮ್ಮ ತಮ್ಮ ಸೈನಿಕರು ನಿಂತಿದ್ದ ಜಾಗವನ್ನು ದಯಾನ್ ಹಸಿರು ಪೆನ್ಸಿಲಿನಲ್ಲಿ, ಅಲ್ ತಲ್ ಕೆಂಪು ಪೆನ್ಸಿಲಿನಲ್ಲಿ ಗೀಚಿದರು. ಮೇಣದ ದಪ್ಪ ಪೆನ್ಸಿಲು. ನಕ್ಷೆಯ ಮೇಲೆ ಮೂರು ನಾಲ್ಕು ಮಿಲಿಮೀಟರ್ ಅಗಲದ ಗೆರೆ ನೆಲದ ಮೇಲೆ ಅರವತ್ತು ಎಂಬತ್ತು ಮೀಟರ್ ಆಯಿತು. ಆ ಗೆರೆಯ ಅಗಲದೊಳಗೇ ಮನೆಗಳು, ಬೀದಿಗಳು ಸಿಕ್ಕಿಕೊಂಡವು, ಅವು ಯಾರವು ಎಂದು ವರ್ಷಗಟ್ಟಲೆ ಜಗಳವಾಯಿತು. ಕೆಲವು ದಿನಗಳ ಮಟ್ಟಿಗೆಂದು ಎಳೆದ ಗೆರೆ ಅದು. ಅದರ ಬೆನ್ನಿಗೆ ಬಂದ 1949ರ ಯುದ್ಧಸ್ತಂಭನ ರೇಖೆಯನ್ನೇ ಜಗತ್ತು ಇಂದಿಗೂ ‘ಹಸಿರು ರೇಖೆ’ ಎನ್ನುತ್ತದೆ. ಆ ನೆಲದಲ್ಲಿ ತಾತ್ಕಾಲಿಕ ಎಂದು ಹೇಳಿ ಮಾಡಿದ್ದೇ ಹೆಚ್ಚು ಕಾಲ ಬಾಳಿದೆ. ನಿರಾಶ್ರಿತರಿಗಾಗಿ 1949ರಲ್ಲಿ ವಿಶ್ವಸಂಸ್ಥೆ ಕಟ್ಟಿದ ತಾತ್ಕಾಲಿಕ ಸಂಸ್ಥೆಯ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತಾ ಬಂದದ್ದು ಇನ್ನೊಂದು ನಿದರ್ಶನ. ಆದ್ದರಿಂದ ಕದನ ವಿರಾಮ ಬೇಕು ಎನ್ನುವವರು, ಅದರ ಜೊತೆಗೇ, ಮುಂದಿನ ಹೆಜ್ಜೆ ಯಾವ ತಾರೀಖಿಗೆ, ಅದನ್ನು ನೋಡಿಕೊಳ್ಳುವವರು ಯಾರು ಎಂದೂ ಕೇಳಲೇಬೇಕು. ಆ ಪ್ರಶ್ನೆಗೆ ಉತ್ತರವಿಲ್ಲದ ವಿರಾಮದಲ್ಲಿ ಎರಡೂ ಕಡೆಯವರು ಮುಂದಿನ ಯುದ್ಧಕ್ಕೆ ಅಣಿಯಾಗುತ್ತಾರೆ.

ಪ್ರಶ್ನೆ: ಹಮಾಸ್ ಮಾಡಿದ ಹತ್ಯಾಕಾಂಡದ ಬಳಿಕವೂ ಕದನ ವಿರಾಮ ಕೇಳುವುದೆಂದರೆ ಆ ಸಂಘಟನೆಗೆ ಮರುಜೀವ ಕೊಟ್ಟಂತಲ್ಲವೇ? (ಕಾಲೇಜು ವಿದ್ಯಾರ್ಥಿ)

ಉತ್ತರ: ನಿಮ್ಮ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಗಾರರು ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಹೊತ್ತೊಯ್ದರು. ಕೊಲೆಯಾದವರಲ್ಲಿ ಹೆಚ್ಚಿನವರು ಮನೆಯಲ್ಲಿದ್ದ, ಸಂಗೀತೋತ್ಸವಕ್ಕೆ ಬಂದಿದ್ದ ನಾಗರಿಕರು. ದಶಕಗಳ ಆಕ್ರಮಿತ ಆಡಳಿತವಾಗಲಿ, ಗಾಜಾದ ದಿಗ್ಬಂಧನವಾಗಲಿ ಆ ಕೃತ್ಯಕ್ಕೆ ಸಮರ್ಥನೆಯಾಗದು. ಹಾಗೆಯೇ ಆ ಕೃತ್ಯವು, 365 ಚದರ ಕಿಲೋಮೀಟರಿನ ತುಂಡು ನೆಲದಲ್ಲಿ ಸಿಲುಕಿದ 20 ಲಕ್ಷಕ್ಕೂ ಹೆಚ್ಚು ಜನರ ಮನೆ, ಆಸ್ಪತ್ರೆ, ಶಾಲೆಗಳನ್ನು ನೆಲಸಮ ಮಾಡುವುದಕ್ಕೆ ಸಮರ್ಥನೆಯಾಗದು. ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 2025ರ ಅಕ್ಟೋಬರ್ ಹೊತ್ತಿಗೆ ಸತ್ತವರ ಸಂಖ್ಯೆ 67,000 ದಾಟಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ, ವಿಶ್ವಸಂಸ್ಥೆಯ ಬೆಂಬಲವಿರುವ ಆಹಾರ ಭದ್ರತಾ ತಜ್ಞರು ಗಾಜಾ ನಗರ ಮತ್ತು ಸುತ್ತಲಿನ ಪ್ರದೇಶದಲ್ಲಿ ಕ್ಷಾಮವಿದೆ ಎಂದು ದೃಢಪಡಿಸಿದರು. ಮಳೆ ಕೈಕೊಟ್ಟು ಬಂದ ಕ್ಷಾಮವಲ್ಲ ಅದು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಇಸ್ರೇಲಿನ ಬಲಾಢ್ಯ ಸೇನೆ ಎರಡು ವರ್ಷಗಳಲ್ಲಿ ಕಾರ್ಯಾಚರಣೆ ನಡೆಸಿ ಜೀವಂತವಾಗಿ ಬಿಡಿಸಿ ತಂದ ಒತ್ತೆಯಾಳುಗಳು ಎಂಟು ಮಂದಿ. ಉಳಿದು ಬಂದವರೆಲ್ಲ ಮಾತುಕತೆಯಿಂದ ಬಂದವರು, ಬಹುತೇಕ ಎಲ್ಲರೂ ಗುಂಡು ನಿಂತ ದಿನಗಳಲ್ಲಿ ಬಂದವರು. ಇದನ್ನು ಎಲ್ಲರಿಗಿಂತ ಮೊದಲು ಅರಿತವರು ಒತ್ತೆಯಾಳುಗಳ ಮನೆಯವರೇ. ಟೆಲ್ ಅವೀವ್ ನಗರದಲ್ಲಿ ಶನಿವಾರದ ರಾತ್ರಿಗಳಲ್ಲಿ ಅವರು ತಮ್ಮವರ ಚಿತ್ರ ಹಿಡಿದು ನಿಂತು, ಒಪ್ಪಂದ ಮಾಡಿಕೊಳ್ಳಿ ಎಂದು ತಮ್ಮದೇ ಸರ್ಕಾರವನ್ನು ಒತ್ತಾಯಿಸಿದರು. ಇವರನ್ನು ಹಮಾಸ್ ಬೆಂಬಲಿಗರು ಎನ್ನಲಾದೀತೇ? ಅತ್ತ 2025ರ ಮಾರ್ಚ್ ಕೊನೆಯ ವಾರದಲ್ಲಿ ಉತ್ತರ ಗಾಜಾದ ಬೇತ್ ಲಾಹಿಯಾದಲ್ಲಿ ನೂರಾರು ಜನ ಬೀದಿಗಿಳಿದು, ಯುದ್ಧ ಸಾಕು, ಹಮಾಸ್ ತೊಲಗಲಿ ಎಂದು ಕೂಗಿದರು. ಬಂದೂಕುಧಾರಿಗಳ ಕಣ್ಣೆದುರು ಹಾಗೆ ಕೂಗುವುದಕ್ಕೆ ಎಂಟೆದೆ ಬೇಕು. ಬಾಂಬು ಬೀಳುತ್ತಿರುವಾಗ ಅಂಥ ದನಿ ಅಡಗಿಹೋಗುತ್ತದೆ. ಹಮಾಸ್‌ನ ಕೈಯಿಂದ ಗಾಜಾದ ಆಡಳಿತ ತಪ್ಪಬೇಕೆಂದು ನಾನೂ ಬಯಸುತ್ತೇನೆ. ಆದರೆ ಅದರ ಜಾಗಕ್ಕೆ ಯಾರು ಬರಬೇಕೆಂಬುದನ್ನು ತೀರ್ಮಾನಿಸುವುದು ರಾಜಕಾರಣದ ಕೆಲಸ, ಮತ್ತು ಆ ರಾಜಕಾರಣ ನಡೆಯಲು ಗುಂಡು ನಿಂತಿರಬೇಕು.

ಪ್ರಶ್ನೆ: 1993ರಲ್ಲಿ ರಾಬಿನ್ ಮತ್ತು ಅರಾಫತ್ ಕೈಕುಲುಕಿದ್ದನ್ನು ಟಿ.ವಿ.ಯಲ್ಲಿ ನೋಡಿದ ನೆನಪು ನನಗಿನ್ನೂ ಇದೆ. ಅಷ್ಟು ದೊಡ್ಡ ಒಪ್ಪಂದ ಏಕೆ ಮಣ್ಣುಪಾಲಾಯಿತು? (ಬ್ಯಾಂಕಿನ ನಿವೃತ್ತ ಅಧಿಕಾರಿ)

ಉತ್ತರ: ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ನಾಯಕ ಅರಾಫತ್ ಅವರ ಆ ಕೈಕುಲುಕುವಿಕೆ ಸೆಪ್ಟೆಂಬರ್ 13ರದ್ದು. ಅದಕ್ಕಿಂತ ಮುಖ್ಯವಾದದ್ದು ನಾಲ್ಕು ದಿನ ಮೊದಲು ಇಬ್ಬರೂ ಸಹಿ ಮಾಡಿದ ಪತ್ರಗಳು. ಇಸ್ರೇಲಿಗೆ ಶಾಂತಿ ಮತ್ತು ಭದ್ರತೆಯಿಂದ ಬಾಳುವ ಹಕ್ಕಿದೆ ಎಂದು ಅರಾಫತ್ ತಮ್ಮ ಪತ್ರದಲ್ಲಿ ಒಪ್ಪಿದರು. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯು ಪ್ಯಾಲೆಸ್ಟೀನಿ ಜನರ ಪ್ರತಿನಿಧಿ ಎಂದಷ್ಟೇ ರಾಬಿನ್ ತಮ್ಮ ಪತ್ರದಲ್ಲಿ ಒಪ್ಪಿದರು. ಒಬ್ಬರು ಒಂದು ದೇಶವನ್ನು ಒಪ್ಪಿಕೊಂಡರು, ಇನ್ನೊಬ್ಬರು ಒಂದು ಸಂಘಟನೆಯನ್ನು ಒಪ್ಪಿಕೊಂಡರು. ಈ ಎರಡು ಪತ್ರಗಳ ನಡುವಿನ ಅಂತರದಲ್ಲೇ ಮುಂದಿನ ತೊಡಕಿನ ಬೀಜವಿತ್ತು ಎಂಬುದು ನನ್ನ ಎಣಿಕೆ.

ಆ ದಿನ ಸಹಿಯಾದ ಓಸ್ಲೊ ಒಪ್ಪಂದವು ಐದು ವರ್ಷಗಳ ಮಧ್ಯಂತರ ವ್ಯವಸ್ಥೆ. ಗಡಿ, ಜೆರುಸಲೇಮ್, ನಿರಾಶ್ರಿತರು, ವಸಾಹತುಗಳು, ಭದ್ರತೆ, ಹೀಗೆ ಕಷ್ಟದ ವಿಷಯಗಳನ್ನೆಲ್ಲ ಕೊನೆಗೆ ಇಟ್ಟು, ಅಷ್ಟರಲ್ಲಿ ನಂಬಿಕೆ ಬೆಳೆಯುತ್ತದೆ ಎಂದು ಭಾವಿಸಲಾಗಿತ್ತು. ಬೆಳೆದದ್ದು ಬೇರೆ. ಇಸ್ರೇಲ್ 1967ರ ಯುದ್ಧದಲ್ಲಿ ಆಕ್ರಮಿಸಿಕೊಂಡ ವೆಸ್ಟ್ ಬ್ಯಾಂಕಿನಲ್ಲಿ ಕಟ್ಟಿದ ವಸಾಹತುಗಳಲ್ಲಿ 1993ರಲ್ಲಿ ಇದ್ದ ಇಸ್ರೇಲಿಗಳು ಸುಮಾರು 1,10,000; 2000ದ ಹೊತ್ತಿಗೆ ಅದು 1,90,000 ದಾಟಿತು. ಯಾವ ನೆಲದ ಬಗ್ಗೆ ಮಾತುಕತೆ ನಡೆಯಬೇಕೋ ಆ ನೆಲದ ಮೇಲೆಯೇ ಮನೆಗಳು ಏಳುತ್ತಿದ್ದರೆ ಎದುರಿಗೆ ಕುಳಿತವನಿಗೆ ನಂಬಿಕೆ ಎಲ್ಲಿಂದ ಬರಬೇಕು? 1994ರ ಫೆಬ್ರುವರಿಯಲ್ಲಿ ಒಬ್ಬ ಯಹೂದಿ ಉಗ್ರವಾದಿ ಹೆಬ್ರಾನ್‌ನ ಮಸೀದಿಯಲ್ಲಿ ನಮಾಜಿನಲ್ಲಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಅದೇ ಏಪ್ರಿಲ್‌ನಿಂದ ಹಮಾಸ್‌ನ ಆತ್ಮಹತ್ಯಾ ದಾಳಿಕೋರರು ಬಸ್ಸುಗಳನ್ನು ಸ್ಫೋಟಿಸತೊಡಗಿದರು. ಬೆಳಗ್ಗೆ ಮಗುವನ್ನು ಬಸ್ಸು ಹತ್ತಿಸಿ ಬಂದ ತಾಯಿಗೆ ಶಾಂತಿ ಪ್ರಕ್ರಿಯೆ ಎಂಬ ಮಾತು ವ್ಯಂಗ್ಯದಂತೆ ಕೇಳಿಸಿದ್ದರೆ ಆಕೆಯನ್ನು ದೂರುವಂತಿಲ್ಲ.

1995ರ ನವೆಂಬರ್ 4ರಂದು ಟೆಲ್ ಅವೀವ್‌ನ ಚೌಕದಲ್ಲಿ ಶಾಂತಿಗಾಗಿ ದೊಡ್ಡ ಸಭೆ ನಡೆಯಿತು. ಹಾಡುವುದರಲ್ಲಿ ಅಷ್ಟೇನೂ ಉತ್ಸಾಹವಿಲ್ಲದ ರಾಬಿನ್ ಅಂದು ಎಲ್ಲರೊಂದಿಗೆ ಶಾಂತಿಯ ಹಾಡೊಂದನ್ನು ಹಾಡಿ, ಹಾಡಿನ ಸಾಲುಗಳಿದ್ದ ಹಾಳೆಯನ್ನು ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ಕೆಲವೇ ನಿಮಿಷಗಳಲ್ಲಿ, ಕಾರಿನ ಹತ್ತಿರ ಒಬ್ಬ ಇಸ್ರೇಲಿ ಯುವಕ ಹಿಂದಿನಿಂದ ಅವರ ಮೇಲೆ ಗುಂಡು ಹಾರಿಸಿದ. ಅವರನ್ನು ಕೊಂದವನು ಶತ್ರು ದೇಶದವನಲ್ಲ, ತನ್ನ ನೆಲವನ್ನು ಬಿಟ್ಟುಕೊಡುತ್ತಾರೆಂದು ಕನಲಿದ ಸ್ವದೇಶದ ಯಹೂದಿ ರಾಷ್ಟ್ರೀಯವಾದಿ. ರಕ್ತದಲ್ಲಿ ತೊಯ್ದ ಆ ಹಾಳೆಯನ್ನು ಅಂತ್ಯಸಂಸ್ಕಾರದ ದಿನ ಅವರ ಆಪ್ತರು ಓದಿದರು. ಮರುವರ್ಷ ಮೇ ತಿಂಗಳ ಚುನಾವಣೆಯಲ್ಲಿ ಓಸ್ಲೊವನ್ನು ವಿರೋಧಿಸಿದ್ದ ಬೆಂಜಮಿನ್ ನೆತನ್ಯಾಹು ಶೇಕಡ ಒಂದಕ್ಕೂ ಕಡಿಮೆ ಅಂತರದಿಂದ ಗೆದ್ದರು.

ಐದು ವರ್ಷಗಳ ಗಡುವು 1999ರ ಮೇ ತಿಂಗಳಿಗೇ ಮುಗಿಯಿತು. ಆದರೆ 1995ರ ಎರಡನೆಯ ಓಸ್ಲೊ ಒಪ್ಪಂದ ವೆಸ್ಟ್ ಬ್ಯಾಂಕನ್ನು ಎ, ಬಿ, ಸಿ ಎಂದು ಹಂಚಿದ ಹಂಚಿಕೆ ಹಾಗೆಯೇ ಉಳಿದಿದೆ. ಸುಮಾರು ಶೇಕಡ 60ರಷ್ಟಿರುವ ‘ಸಿ’ ಪ್ರದೇಶ ಪೂರ್ತಿಯಾಗಿ ಇಸ್ರೇಲಿನ ಹಿಡಿತದಲ್ಲಿದೆ. ತಾತ್ಕಾಲಿಕವಾದದ್ದರ ಬಗ್ಗೆ ಮೇಲೆ ಹೇಳಿದ ಮಾತನ್ನು ಇಲ್ಲಿಗೂ ಅನ್ವಯಿಸಿಕೊಳ್ಳಬಹುದು.

ಪ್ರಶ್ನೆ: ಅಲ್ಲಿ ಎಂದಾದರೂ, ಯಾರ ನಡುವೆಯಾದರೂ ಶಾಂತಿ ಉಳಿದಿದೆಯೇ? (ಗೃಹಿಣಿ)

ಉತ್ತರ: ಉಳಿದಿದೆ ತಾಯಿ. 1948ರಿಂದ 1973ರವರೆಗೆ ನಾಲ್ಕು ದೊಡ್ಡ ಯುದ್ಧಗಳಲ್ಲಿ ಕಾದಾಡಿದ ಈಜಿಪ್ಟ್ ಮತ್ತು ಇಸ್ರೇಲ್ 1979ರ ಮಾರ್ಚ್ 26ರಂದು ಮಾಡಿಕೊಂಡ ಒಪ್ಪಂದ, ಗಾಜಾ ಯುದ್ಧದ ನಡುವೆಯೂ ಮುರಿಯಲಿಲ್ಲ. ಅದು ಹೇಗೆ ಆಯಿತು ಎಂಬುದನ್ನು ಗಮನಿಸಬೇಕು. 1973ರ ಯುದ್ಧ ನಿಂತ ಕೂಡಲೇ, ಕೈರೊದಿಂದ ಸೂಯೆಜ್‌ಗೆ ಹೋಗುವ ರಸ್ತೆಯ 101ನೇ ಕಿಲೋಮೀಟರ್ ಕಲ್ಲಿನ ಬಳಿ ಡೇರೆ ಹಾಕಿ ಎರಡೂ ಸೇನೆಗಳ ಜನರಲ್‌ಗಳು ಮಾತಿಗೆ ಕುಳಿತರು. ಅಂದರೆ ವಿರಾಮ ಸಿಕ್ಕ ಮೊದಲ ದಿನಗಳಿಂದಲೇ ಮುಂದಿನ ಹೆಜ್ಜೆ ಆರಂಭವಾಗಿತ್ತು. 1977ರ ನವೆಂಬರ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್ ಜೆರುಸಲೇಮಿಗೇ ಹೋಗಿ ಇಸ್ರೇಲಿನ ಸಂಸತ್ತಿನಲ್ಲಿ ಮಾತನಾಡಿದರು.

1978ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಹದಿಮೂರು ದಿನ ಮಾತುಕತೆ ನಡೆಯಿತು. ಕೊನೆಯ ದಿನ ಎಲ್ಲವೂ ಮುರಿದು, ಇಸ್ರೇಲಿನ ಪ್ರಧಾನಿ ಮೆನಾಖೆಮ್ ಬೆಗಿನ್ ಹೊರಡಲು ಸಿದ್ಧರಾಗಿದ್ದರು. ಮೊಮ್ಮಕ್ಕಳಿಗೆ ಕೊಡಲು ಮೂವರು ನಾಯಕರ ಫೋಟೊಗೆ ಸಹಿ ಬೇಕೆಂದು ಅವರು ಕೇಳಿದ್ದರು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಬರೀ ಸಹಿ ಹಾಕದೆ, ಮೊಮ್ಮಕ್ಕಳ ಹೆಸರು ತರಿಸಿ, ಒಂದೊಂದು ಫೋಟೊದ ಮೇಲೆ ಒಂದೊಂದು ಹೆಸರು ಬರೆದು, ತಾವೇ ಬೆಗಿನ್ ಇದ್ದ ಕೊಠಡಿಗೆ ಒಯ್ದು ಕೊಟ್ಟರು. ಬೆಗಿನ್ ಆ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ಹೋದರು, ಅವರ ದನಿ ನಡುಗಿತು, ಕಣ್ಣು ತುಂಬಿತು ಎಂದು ಕಾರ್ಟರ್ ಮುಂದೆ ನೆನಪಿಸಿಕೊಂಡಿದ್ದಾರೆ. ಮಾತುಕತೆ ಮತ್ತೆ ಕುದುರಿತು. ಫೋಟೊಗಳಿಂದಲೇ ಒಪ್ಪಂದವಾಯಿತು ಎಂದರೆ ಅದು ಬಾಲಿಶವಾದೀತು. 1967ರಲ್ಲಿ ಇಸ್ರೇಲ್ ವಶಪಡಿಸಿಕೊಂಡಿದ್ದ ಸಿನಾಯ್ ಪ್ರದೇಶ ಪೂರ್ತಿಯಾಗಿ ಈಜಿಪ್ಟಿಗೆ ಮರಳಿತು, ಅದಕ್ಕೆ ತಾರೀಖುಗಳಿದ್ದವು, ಕಾವಲಿಗೆ ಬಹುರಾಷ್ಟ್ರೀಯ ಪಡೆಯಿತ್ತು. ಒಪ್ಪಂದ ಉಳಿದದ್ದು ಇವುಗಳಿಂದ. 1982ರ ಏಪ್ರಿಲ್‌ನಲ್ಲಿ ಸಿನಾಯ್‌ನ ಯಮಿತ್ ಎಂಬ ವಸಾಹತಿನ ಮನೆಗಳ ಮಾಡಿನ ಮೇಲೆ ಹತ್ತಿ ಕುಳಿತವರನ್ನು ಇಸ್ರೇಲಿನ ಸೈನಿಕರೇ ಕೆಳಗಿಳಿಸಿದರು. ಸಾದಾತ್ ಇದನ್ನು ನೋಡಲು ಇರಲಿಲ್ಲ. 1981ರ ಅಕ್ಟೋಬರ್ 6ರಂದು ಅವರನ್ನು ಅವರದೇ ಸೇನೆಯ ಉಗ್ರವಾದಿಗಳು ಕೊಂದಿದ್ದರು. ಪ್ಯಾಲೆಸ್ಟೀನಿಯರಿಗೆ ಸ್ವಾಯತ್ತತೆ ಎಂದು ಕ್ಯಾಂಪ್ ಡೇವಿಡ್‌ನಲ್ಲಿ ಬರೆದ ಭಾಗಕ್ಕೆ ತಾರೀಖೂ ಇರಲಿಲ್ಲ, ಕಾವಲೂ ಇರಲಿಲ್ಲ ಎಂದೇ ಹೇಳಬೇಕು. ಅದು ಕಾಗದದಲ್ಲೇ ಉಳಿಯಿತು.

ಪ್ರಶ್ನೆ: ವಿಶ್ವಸಂಸ್ಥೆ ಏನು ಮಾಡುತ್ತಿದೆ? ಭಾರತದ ನಿಲುವು ಏನು? (ಕೃಷಿಕರು)

ಉತ್ತರ: ಸಾಮಾನ್ಯ ಸಭೆ ಕರೆ ಕೊಡಬಹುದು, ಕಟ್ಟುಪಾಡು ವಿಧಿಸಲಾರದು. ಕಟ್ಟುಪಾಡು ವಿಧಿಸಬಲ್ಲ ಭದ್ರತಾ ಮಂಡಳಿಯಲ್ಲಿ ಕದನ ವಿರಾಮದ ಕರಡುಗಳನ್ನು ಅಮೆರಿಕ ಹಲವು ಸಲ ವಿಟೊ ಮಾಡಿತು. ಕೊನೆಗೆ 2025ರ ನವೆಂಬರ್ 17ರಂದು ಅಮೆರಿಕದ್ದೇ ಯೋಜನೆಯನ್ನು ಮಂಡಳಿ 2803ನೇ ನಿರ್ಣಯವಾಗಿ ಒಪ್ಪಿತು. ಭಾರತವು ಸಾಮಾನ್ಯ ಸಭೆಯಲ್ಲಿ 2023ರ ಅಕ್ಟೋಬರ್‌ನಲ್ಲಿ ತಟಸ್ಥವಾಗಿ ಉಳಿಯಿತು, ಡಿಸೆಂಬರ್‌ನಲ್ಲಿ ಕದನ ವಿರಾಮದ ಪರ ಮತ ಹಾಕಿತು, 2025ರ ಜೂನ್‌ನಲ್ಲಿ ಮತ್ತೆ ತಟಸ್ಥವಾಯಿತು, ಸೆಪ್ಟೆಂಬರ್‌ನಲ್ಲಿ ಎರಡು ರಾಷ್ಟ್ರಗಳ ಪರಿಹಾರವನ್ನು ಬೆಂಬಲಿಸುವ ಘೋಷಣೆಯ ಪರ ನಿಂತಿತು. ಪ್ಯಾಲೆಸ್ಟೀನನ್ನು 1988ರಲ್ಲೇ ಮಾನ್ಯ ಮಾಡಿದ, 1992ರಿಂದ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧವುಳ್ಳ ದೇಶ ಇಬ್ಬರೊಡನೆಯೂ ಮಾತನಾಡಬಲ್ಲದು. ಮಾತನಾಡಬಲ್ಲವರು ತಟಸ್ಥರಾಗಿ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಎರಡು ರಾಷ್ಟ್ರಗಳೋ, ಒಂದೇ ರಾಷ್ಟ್ರವೋ? ನಿಮ್ಮ ಅಭಿಪ್ರಾಯ ಸ್ಪಷ್ಟವಾಗಿ ತಿಳಿಸಿ. (ವಕೀಲರು)

ಉತ್ತರ: ಎರಡು. ಜೋರ್ಡಾನ್ ನದಿಗೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವೆ ಸುಮಾರು 70 ಲಕ್ಷ ಯಹೂದಿಗಳೂ, ಹೆಚ್ಚುಕಡಿಮೆ ಅಷ್ಟೇ ಪ್ಯಾಲೆಸ್ಟೀನಿಯರೂ ಇದ್ದಾರೆ. ಯಾರೂ ಎದ್ದು ಹೋಗುವವರಲ್ಲ. ಒಬ್ಬರ ಮತದಿಂದ ಇನ್ನೊಬ್ಬರ ಬದುಕು ತೀರ್ಮಾನವಾಗದ ವ್ಯವಸ್ಥೆ ಎರಡು ದೇಶಗಳಿಂದ ಸುಲಭವಾದೀತು. ಆದರೆ ಇದು ಹೇಳಿದಷ್ಟು ಸಲೀಸಲ್ಲ ಎಂಬುದನ್ನೂ ಮುಚ್ಚಿಡಲಾರೆ. ಪೂರ್ವ ಜೆರುಸಲೇಮನ್ನೂ ಸೇರಿಸಿದರೆ ವಸಾಹತುಗಳಲ್ಲಿ ಈಗ ಸುಮಾರು 7 ಲಕ್ಷ ಇಸ್ರೇಲಿಗಳಿದ್ದಾರೆ. 1948ರಲ್ಲಿ ಮನೆ ತೊರೆಯಬೇಕಾದ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರ ಮೊಮ್ಮಕ್ಕಳು, ಇಂದು ನಿಂತಿಲ್ಲದ ಮನೆಗಳ ಬೀಗದ ಕೈಗಳನ್ನು ಜೋಪಾನ ಮಾಡಿಕೊಂಡಿದ್ದಾರೆ. 2002ರಲ್ಲಿ ಬೈರುತ್‌ನಲ್ಲಿ ಅರಬ್ ದೇಶಗಳು ಮುಂದಿಟ್ಟ ಪ್ರಸ್ತಾವ, ಅಂದರೆ ಇಸ್ರೇಲ್ 1967ರ ಯುದ್ಧಕ್ಕೆ ಮುಂಚಿನ ಗೆರೆಗೆ, ಮೇಲೆ ಹೇಳಿದ ಹಸಿರು ರೇಖೆಗೆ, ಮರಳಿದರೆ ಎಲ್ಲ ಅರಬ್ ದೇಶಗಳಿಂದ ಸಹಜ ಸಂಬಂಧ ಎಂಬುದು, ಇಂದಿಗೂ ಮೇಜಿನ ಮೇಲಿದೆ. ಒಂದೇ ರಾಷ್ಟ್ರದಲ್ಲಿ ಎಲ್ಲರಿಗೂ ಸಮಾನ ಹಕ್ಕು ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಅದಕ್ಕೆ ಬೇಕಾದ ಪರಸ್ಪರ ವಿಶ್ವಾಸ ಮಾತ್ರ ಈ ತಲೆಮಾರಿನಲ್ಲಿ ಕಾಣುತ್ತಿಲ್ಲ. ವಿಶ್ವಾಸವಿಲ್ಲದವರಿಗೆ ನಡುವೆ ಬೇಲಿಯೊಂದಿರುವುದು ವಾಸಿ, ಆ ಬೇಲಿ ನೆರೆಯವನ ಹೊಲದೊಳಗೆ ಹಾಕಿದ್ದಾಗಿರಬಾರದು ಅಷ್ಟೆ.

ಪ್ರಶ್ನೆ: ನಾಯಕರ ಮಾತು ಬಿಡಿ. ಅಲ್ಲಿನ ಸಾಮಾನ್ಯ ಜನರಲ್ಲಿ ಶಾಂತಿ ಬೇಕೆನ್ನುವವರು ಉಳಿದಿದ್ದಾರೆಯೇ? (ದಾದಿ)

ಉತ್ತರ: ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ಮಕ್ಕಳನ್ನೋ ಒಡಹುಟ್ಟಿದವರನ್ನೋ ಈ ಸಂಘರ್ಷದಲ್ಲಿ ಕಳೆದುಕೊಂಡ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಕುಟುಂಬಗಳ, 1995ರಲ್ಲಿ ಆರಂಭವಾದ ‘ಪೇರೆಂಟ್ಸ್ ಸರ್ಕಲ್’ ವೇದಿಕೆಯಲ್ಲಿ ನೂರಾರು ಮನೆಗಳವರಿದ್ದಾರೆ. ಜೊತೆಯಾಗಿ ಶಾಲೆಗಳಿಗೂ ಹೋಗಿ ತಮ್ಮ ಕಥೆ ಹೇಳುತ್ತಾ ಬಂದವರು ಇವರು, ವರ್ಷಕ್ಕೊಮ್ಮೆ ಎರಡೂ ಕಡೆಯ ಸತ್ತವರನ್ನು ಒಂದೇ ಸಭೆಯಲ್ಲಿ ನೆನೆಯುತ್ತಾರೆ. ಆ ಸಭೆಗೆ ಎರಡೂ ಕಡೆಯಿಂದ ಬೈಗುಳ ಬೀಳುತ್ತದೆ.

2023ರ ಅಕ್ಟೋಬರ್ 4ರಂದು ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಮಹಿಳೆಯರ ಎರಡು ಸಂಘಟನೆಗಳು ಜೆರುಸಲೇಮಿನಲ್ಲಿ ಮತ್ತು ಮೃತ ಸಮುದ್ರದ ದಂಡೆಯಲ್ಲಿ ಒಟ್ಟಾಗಿ ಸೇರಿ, ಮಾತುಕತೆಗೆ ಮರಳಿ ಎಂದು ನಾಯಕರನ್ನು ಒತ್ತಾಯಿಸಿದವು. ಆ ಇಸ್ರೇಲಿ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರು ವಿವಿಯನ್ ಸಿಲ್ವರ್. ಮೂರು ದಿನಗಳ ಬಳಿಕ ಗಾಜಾ ಗಡಿಯ ಬೇರಿ ಎಂಬ ಕಿಬ್ಬುಟ್ಸ್‌ನ (ಸಾಮೂಹಿಕ ಬದುಕಿನ ಹಳ್ಳಿಯ) ತಮ್ಮ ಮನೆಯಲ್ಲಿ ಅವರು ಕೊಲೆಯಾದರು. ಒತ್ತೆಯಾಳಾಗಿರಬಹುದೆಂದು ಮನೆಯವರು ಒಂದು ತಿಂಗಳಿಗೂ ಹೆಚ್ಚು ಕಾಲ ಕಾದರು. ನವೆಂಬರ್‌ನಲ್ಲಿ ಅವಶೇಷಗಳ ಗುರುತು ಸಿಕ್ಕಿತು. ಅವರ ಮಗ ಅಂದಿನಿಂದ ತಾಯಿಯ ಕೆಲಸವನ್ನೇ ಹಿಡಿದು, ಸೇಡು ಬೇಡ ಎಂದು ಹೇಳುತ್ತಾ ಬಂದಿದ್ದಾರೆ.

ನೀವು ದಾದಿಯಾದ್ದರಿಂದ ಇದನ್ನೂ ಹೇಳುತ್ತೇನೆ. ಸಿಲ್ವರ್ ಅವರು ಗಾಜಾದ ರೋಗಿಗಳನ್ನು ಗಡಿಯಿಂದ ಇಸ್ರೇಲಿನ ಆಸ್ಪತ್ರೆಗಳಿಗೆ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಅಂಥ ಸ್ವಯಂಸೇವಕರ ‘ರೋಡ್ ಟು ರಿಕವರಿ’ ಎಂಬ ಸಂಘಟನೆಯನ್ನು ಆರಂಭಿಸಿದ ಇಸ್ರೇಲಿಯ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಹಮಾಸ್ ಕೊಂದಿತ್ತು. ನಸುಕಿಗೇ ಎದ್ದು ತಪಾಸಣಾ ಠಾಣೆಯ ಬಳಿ ಕಾದಿದ್ದು, ಡಯಾಲಿಸಿಸ್‌ಗೋ ಕ್ಯಾನ್ಸರ್ ಚಿಕಿತ್ಸೆಗೋ ಹೊರಟ ಮಗುವನ್ನೂ ಅದರ ತಾಯಿಯನ್ನೂ ಹತ್ತಿಸಿಕೊಂಡು ಹೋಗುವುದು ಅವರ ಕೆಲಸ. ಅಕ್ಟೋಬರ್ 7ರಂದು ಆ ಸ್ವಯಂಸೇವಕರಲ್ಲೇ ಕೆಲವರು ಕೊಲೆಯಾದರು, ಕೆಲವರು ಒತ್ತೆಯಾಳುಗಳಾದರು, ಗಾಜಾದ ದಾರಿ ಮುಚ್ಚಿತು. ವೆಸ್ಟ್ ಬ್ಯಾಂಕಿನ ಠಾಣೆಗಳಿಂದ ಆಸ್ಪತ್ರೆಗಳಿಗೆ ಹೋಗುವ ಕಾರುಗಳು ಮಾತ್ರ ಕೆಲವು ವಾರಗಳಲ್ಲಿ ಮತ್ತೆ ಓಡಲಾರಂಭಿಸಿದವು.